ಅಕ್ಕ ಭಾವನ ತೂಕ

ನಮ್ಮ ಬೀದಿಯ ತಕ್ಕಡಿ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾಗಬೇಕೆಂದು ತೀರ್ಮಾನಿಸಿದ್ದು ಕ್ಷೌರದ ಕುರ್ಚಿಯ ಮೇಲೆ, ಅರ್ಧ ಮುಖಕ್ಕೆ ಸೋಪಿನ ನೊರೆ ಇದ್ದಾಗ. ಅಂಥ ಸ್ಥಿತಿಯಲ್ಲಿ ಯಾವ ತೀರ್ಮಾನವನ್ನೂ ಮಾಡಬಾರದೆಂದು ತಿಳಿದವರು ಎಲ್ಲಿಯೂ ಬರೆದಿಟ್ಟಿಲ್ಲ. ಬರೆದಿಡಬೇಕಿತ್ತು.

ತಕ್ಕಡಿ ಎಂದರೆ ಮನುಷ್ಯ. ತೂಕದ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕಸುಬು, ಹಾಗಾಗಿ ಆ ಹೆಸರು. ಅವನ ಅಂಗಡಿಗೂ ನನ್ನ ಬೀಗದ ಕೈ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಹತ್ತೊಂಬತ್ತು ವರ್ಷದಿಂದ ಆ ಹಲಗೆಯ ಸಂದಿನಲ್ಲೇ ನಮ್ಮ ಸ್ನೇಹ ಸಾಗಿಬಂದಿದೆ. ಅಂಗಡಿಗಳ ಮೇಲಿನ ಮಹಡಿಯಲ್ಲಿ ಅವನ ಅಕ್ಕ ಮತ್ತು ಭಾವ ಇದ್ದಾರೆ, ಅವರ ಮನೆಯ ಮುಂದಿನ ಕೋಣೆಯಲ್ಲಿ ಇವನಿದ್ದಾನೆ. ತೂಗಿ ನೋಡದೆ ಅವನು ಯಾವುದನ್ನೂ ನಂಬಿದವನಲ್ಲ. ಅಂಗಡಿಯಿಂದ ತಂದ ಬ್ರೆಡ್ಡನ್ನೂ ಒಮ್ಮೆ ತೂಗಿಯೇ ಬಾಯಿಗಿಡುತ್ತಾನೆ. ಇಂಥವನ ಪಕ್ಕದಲ್ಲಿ ಅಂಗಡಿ ಇಟ್ಟುಕೊಂಡಿರುವುದು ಒಂದು ಹೆಮ್ಮೆ ಎಂದೇ ನಾನು ಬಹಳ ಕಾಲ ತಿಳಿದಿದ್ದೆ.

ಅವತ್ತು ಕ್ಷೌರದವರು ಕತ್ತಿ ಮಸೆಯುತ್ತ ತಮ್ಮ ನಾದಿನಿಯ ವಿಷಯ ಎತ್ತಿದರು.

"ಕೆಂಪು ತಾಣದಲ್ಲಿ ಹೆಸರು ಹಾಕಿದ್ಲು. ಮೂರು ತಿಂಗಳಲ್ಲಿ ಗಂಡ ಸಿಕ್ಕ. ಫೋನಲ್ಲಿ ಬೆರಳಾಡಿಸೋದು ಅಷ್ಟೆ, ನೀನೂ ಹಾಕೋ."

ಕೆಂಪು ತಾಣ ಎಂದರೆ ಒಂಟಿ ಜನರಿಗೆ ಜೊತೆ ಹುಡುಕಿಕೊಡುವ ಜಾಲತಾಣ, ಅದರ ಪುಟವೆಲ್ಲ ಕೆಂಪು. ಬೆಂಚಿನಲ್ಲಿ ಸರದಿ ಕಾಯುತ್ತಿದ್ದವರೊಬ್ಬರು, ಕೆಂಪಿನಲ್ಲಿ ಬರೀ ಫೋಟೋ ನೋಡುವವರು, ಗಂಭೀರವಾದವರೆಲ್ಲ ನೀಲಿ ತಾಣದಲ್ಲಿದ್ದಾರೆ, ಅದು ನೂರ ನಲವತ್ತು ಪ್ರಶ್ನೆ ಕೇಳುತ್ತದೆ ಎಂದರು. ಇನ್ನೊಬ್ಬರು, ನಲವತ್ತು ದಾಟಿದವರಿಗೆಂದೇ ಹಸಿರು ತಾಣ ಇರುವಾಗ ಇವನು ಮಕ್ಕಳ ನಡುವೆ ಹೋಗಿ ಯಾಕೆ ನಿಲ್ಲಬೇಕು ಎಂದರು. ಮಾತಿಗೆ ಮಾತು ಬೆಳೆದು, ಮದುವೆಯಾಗಬೇಕಾದವನನ್ನು ಬಿಟ್ಟು ಆಗಿ ಮುಗಿದವರೆಲ್ಲ ಜಗಳಕ್ಕೆ ನಿಂತರು.

ತಕ್ಕಡಿ ನೊರೆಯ ಮುಖವನ್ನು ಕನ್ನಡಿಯಿಂದ ತಿರುಗಿಸಿ ನಮ್ಮೆಲ್ಲರನ್ನೂ ಒಮ್ಮೆ ನೋಡಿದ.

"ಕೂಗಾಡಿದ್ರೆ ತೂಕ ಗೊತ್ತಾಗಲ್ಲ. ಮೂರನ್ನೂ ಪರೀಕ್ಷೆ ಮಾಡಿ, ಯಾವುದು ಸರಿ ಅಂತ ಒಂದು ವಾರದಲ್ಲಿ ಹೇಳ್ತೀನಿ. ಆಮೇಲೆ ಅದರಲ್ಲೇ ಮದುವೆ."

ಕ್ಷೌರದವರು ಮಸೆಯುತ್ತಿದ್ದ ಕತ್ತಿಯನ್ನು ಕೆಳಗಿಟ್ಟರು. ಜಾಲತಾಣವನ್ನು ಪರೀಕ್ಷೆ ಮಾಡಬಹುದೆಂದು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ.

ಹೇಗೆ ಎಂದು ನಾನು ಕೇಳಿದ್ದು ಮರುದಿನ, ಹಲಗೆಯ ಸಂದಿನಲ್ಲಿ. ಅವನು ಒಂದು ಕಿಲೋ ಕಬ್ಬಿಣದ ಕಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡು, ಮಗುವಿಗೆ ಪಾಠ ಹೇಳುವವನ ಹಾಗೆ ಹೇಳಿದ.

"ತಕ್ಕಡಿ ಸರಿಯಿದೆಯೋ ಇಲ್ವೋ ಅಂತ ಹೇಗೆ ನೋಡ್ತಾರೆ? ಗೊತ್ತಿರೋ ತೂಕದ ಕಲ್ಲು ಇಟ್ಟು ನೋಡ್ತಾರೆ. ಕಿಲೋ ಕಲ್ಲಿಗೆ ಮುಳ್ಳು ಕಿಲೋ ತೋರಿಸ್ತು ಅಂದ್ರೆ ತಕ್ಕಡಿ ಸರಿ. ಅದು ಬಿಟ್ಟು ಗೊತ್ತಿಲ್ಲದ ಮೂಟೆ ಇಟ್ರೆ ಏನು ತಿಳಿಯುತ್ತೆ? ನಾನು ಗೊತ್ತಿಲ್ಲದ ಮೂಟೆ."

"ಗೊತ್ತಿರೋ ತೂಕ ಯಾರು?"

ಅವನು ಬೆರಳು ಮೇಲಕ್ಕೆ ತೋರಿಸಿದ. ದೇವರನ್ನು ತೋರಿಸುತ್ತಿದ್ದಾನೆ ಎಂದುಕೊಂಡೆ. ಅಕ್ಕ ಭಾವನ ಮನೆ ತೋರಿಸುತ್ತಿದ್ದ.

"ಇಪ್ಪತ್ತಾರು ವರ್ಷದ ಸಂಸಾರ. ಒಂದು ದಿನ ಜೋರಾಗಿ ಮಾತಾಡಿದ್ದು ಯಾರಾದ್ರೂ ಕೇಳಿದೀರಾ? ಇಬ್ಬರ ಹೆಸರನ್ನೂ ಬೇರೆ ಬೇರೆಯಾಗಿ, ಮದುವೆಯಾಗದವರ ಹಾಗೆ, ಮೂರು ತಾಣದಲ್ಲೂ ಹಾಕ್ತೀನಿ. ಯಾವ ತಾಣ 'ಇವರಿಬ್ಬರೂ ಒಬ್ಬರಿಗೊಬ್ಬರು ಸರಿ' ಅನ್ನುತ್ತೋ, ಅದೇ ಸರಿಯಾದ ತಾಣ."

ಇದನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ಈಗ ಯೋಚಿಸಿದರೆ ಅದು ಎಚ್ಚರಿಕೆ ಇದ್ದಿರಬೇಕು. ಅವತ್ತು ನಾನು ಅದನ್ನು ಬೆರಗು ಎಂದೇ ತಿಳಿದೆ. ತಕ್ಕಡಿಯ ಹೆಬ್ಬೆರಳು ಅಗಲ, ಒತ್ತಿದರೆ ಮೂರು ಅಕ್ಷರ ಒಟ್ಟಿಗೆ ಬೀಳುತ್ತವೆ. ಹಾಗಾಗಿ ಎರಡು ಹಳೇ ಫೋನುಗಳಲ್ಲಿ, ಒಂದರಲ್ಲಿ ಅಕ್ಕನ ಹೆಸರಿನಲ್ಲಿ, ಇನ್ನೊಂದರಲ್ಲಿ ಭಾವನ ಹೆಸರಿನಲ್ಲಿ, ಅರ್ಜಿ ತುಂಬಿದವನು ನಾನೇ. ಅವನು ಹೇಳಿದ, ನಾನು ಒತ್ತಿದೆ. ಪಾಪದಲ್ಲಿ ನನಗೂ ಅರ್ಧ ಪಾಲಿದೆ, ಇಲ್ಲವೆನ್ನುವುದಿಲ್ಲ.

ಅಕ್ಕ ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಗುಮಾಸ್ತೆ. 'ನಿಮ್ಮ ಬಗ್ಗೆ ಬರೆಯಿರಿ' ಎಂಬ ಕಡೆ ತಕ್ಕಡಿ ಕಣ್ಣು ಮುಚ್ಚಿಕೊಂಡು ಹೇಳಿಸಿದ್ದು ಹೀಗಿತ್ತು: "ದಿನಕ್ಕೆ ಎಂಬತ್ತು ಜನರ ಬೈಗುಳ ಕೇಳಿ, ಮನೆಗೆ ಬಂದು ಯಾರನ್ನೂ ಬೈಯುವುದಿಲ್ಲ. ಸಿಟ್ಟು ಬಂದರೆ ಗುನುಗುತ್ತಾಳೆ. ಸಿಟ್ಟು ಹೆಚ್ಚಿದಷ್ಟೂ ರಾಗ ಚೆನ್ನಾಗಿರುತ್ತದೆ. ಫೋನಿನಲ್ಲಿ ಯಾರಾದರೂ ಅತ್ತರೆ ಊಟ ಬಿಟ್ಟು ಕೇಳುತ್ತಾಳೆ. ಮೆಟ್ಟಿಲ ಮೇಲಿನ ಚಪ್ಪಲಿ ಸದ್ದಿನಿಂದ ಬಂದವರು ಯಾರು, ಯಾವ ಮನಸ್ಥಿತಿಯಲ್ಲಿದ್ದಾರೆ ಎಂದು ಹೇಳುತ್ತಾಳೆ."

ಭಾವ ಬಸ್ ಡಿಪೋದಲ್ಲಿ ಟೈಮ್ ಕೀಪರ್. ಅವರ ಬಗ್ಗೆ ಹೇಳಿಸಿದ್ದು ಇಷ್ಟು: "ಬಸ್ಸು ತಡವಾದರೆ ಬರೆದುಕೊಳ್ಳುತ್ತಾರೆ. ತಡವಾಗದಿದ್ದರೂ ಬರೆದುಕೊಳ್ಳುತ್ತಾರೆ. ಮಾತು ಕಡಿಮೆ."

"ಇನ್ನೇನಾದ್ರೂ ಸೇರಿಸೋಣ್ವಾ?" ಎಂದೆ.

ಅವನು ತುಂಬಾ ಹೊತ್ತು ಯೋಚಿಸಿ, "ತಟ್ಟೆ ತೊಳೀತಾರೆ," ಎಂದ.

ನೀಲಿ ತಾಣದ ನೂರ ನಲವತ್ತು ಪ್ರಶ್ನೆ ಮುಗಿಸುವುದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ಬೀಗದ ಕೈ ಕಳೆದುಕೊಂಡವರು ಮನೆಯ ಹೊರಗೇ ಇದ್ದರು.

ಮೂರನೆಯ ದಿನ ಬೆಳಿಗ್ಗೆ ಫಲಿತಾಂಶ ಬಂತು. ಅಕ್ಕನ ಪುಟದಿಂದ ಭಾವನ ಪುಟ ತೆರೆದರೆ, ಮೂಲೆಯಲ್ಲಿ ಹೊಂದಾಣಿಕೆ ಶೇಕಡಾ ಎಷ್ಟೆಂದು ತೋರಿಸುತ್ತದೆ. ಕೆಂಪು ತಾಣದಲ್ಲಿ ಹದಿನಾಲ್ಕು. ನೀಲಿಯಲ್ಲಿ ಹನ್ನೊಂದು. ಹಸಿರಿನಲ್ಲಿ ಒಂಬತ್ತು.

ತಕ್ಕಡಿ ಫೋನನ್ನು ಒರೆಸಿ ಮತ್ತೆ ನೋಡಿದ. ಒಂಬತ್ತು ಒಂಬತ್ತೇ ಆಗಿತ್ತು.

"ಮೂರೂ ಸುಳ್ಳು ಹೇಳ್ತಿವೆ ಬಿಡು," ಎಂದೆ ನಾನು.

ಅವನು ಬಿಳಿಚಿಕೊಂಡಿದ್ದ. "ಒಂದು ತಕ್ಕಡಿ ಕಮ್ಮಿ ತೋರಿಸಿದ್ರೆ ತಕ್ಕಡಿ ತಪ್ಪು. ಬೇರೆ ಬೇರೆ ಮೂರು ತಕ್ಕಡಿ ಸೇರಿ ಕಮ್ಮಿ ತೋರಿಸಿದ್ರೆ..." ಎಂದವನು ತಲೆ ಎತ್ತಿ ಮಾಳಿಗೆಯ ಕಡೆ ನೋಡಿದ. ಮೇಲೆ ಅಕ್ಕ ಕಚೇರಿಗೆ ಹೊರಡುತ್ತ ನಡೆದಾಡುವ ಸದ್ದು ಕೇಳುತ್ತಿತ್ತು.

ಅದೇ ಮಧ್ಯಾಹ್ನ, ಎಳ್ಳಷ್ಟೂ ಅಗತ್ಯವಿಲ್ಲದ ಗಳಿಗೆಯಲ್ಲಿ, ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು ವರ್ಷದ ಮುದ್ರೆ ಹಾಕಲು ಬಂದರು. ಈ ವಿಷಯದಲ್ಲಿ ಅವರ ಮಾತೇ ಕಡೆಯ ಮಾತು. ತಕ್ಕಡಿ ಅವರಿಗೆ ಸ್ಟೂಲು ಹಾಕಿ, ಕೈಕಟ್ಟಿ ನಿಂತು ಕೇಳಿದ.

"ಸಾರ್, ಮೂರು ತಕ್ಕಡಿ ಒಂದೇ ಕಲ್ಲನ್ನ ಕಮ್ಮಿ ತೋರಿಸಿದ್ರೆ ಏನರ್ಥ?"

"ಕಲ್ಲು ಸವೆದಿದೆ ಅಂತ ಅರ್ಥ. ಎಷ್ಟು ವರ್ಷದ್ದು?"

"ಇಪ್ಪತ್ತಾರು ವರ್ಷ, ಸಾರ್."

"ಇಪ್ಪತ್ತಾರಾ? ನಡುವೆ ಒಂದ್ಸಲನಾದ್ರೂ ಪರೀಕ್ಷೆ ಮಾಡಿಸಿದೀರಾ?"

"ಯಾರಿಗೂ ಹೊಳೀಲಿಲ್ಲ ಸಾರ್. ನೋಡೋಕೆ ಗಟ್ಟಿಯಾಗಿತ್ತು."

"ನೋಡೋಕೆ ಎಲ್ಲಾ ಗಟ್ಟಿಯಾಗೇ ಇರುತ್ತೆ. ಮೊದಲು ಅದನ್ನ ಬಳಕೆಯಿಂದ ತೆಗೀರಿ. ಕರಗಿಸಿಬಿಡಿ."

"ಅಕ್ಕನಿಗೆ ಹೇಗೆ ಹೇಳಲಿ ಸಾರ್?"

"ಯಾಕೆ, ಕಲ್ಲು ನಿಮ್ಮಕ್ಕಂದಾ?"

"ಅರ್ಧ ಅಕ್ಕಂದು. ಅರ್ಧ ಭಾವಂದು."

ಇನ್ಸ್‌ಪೆಕ್ಟರು ಅವನನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿ, ಕೌಟುಂಬಿಕ ಆಸ್ತಿಯ ವಿಷಯಕ್ಕೆ ಇಲಾಖೆ ಬರುವುದಿಲ್ಲ ಎಂದು ಹೇಳಿ ಎದ್ದರು. ಮೆಟ್ಟಿಲು ಇಳಿಯುವಾಗ ತಿರುಗಿ, "ಆದ್ರೂ ಕರಗಿಸಿ," ಎಂದರು.

ಈ ನಡುವೆ ನಾವಿಬ್ಬರೂ ಗಮನಿಸದೇ ಇದ್ದ ಒಂದು ವಿಷಯ ನಡೆದಿತ್ತು. ಕಲ್ಲನ್ನು ತಕ್ಕಡಿಯಲ್ಲಿಟ್ಟರೆ ಅದು ಸುಮ್ಮನೆ ಕೂತಿರುತ್ತದೆ. ಅಕ್ಕ ಕಲ್ಲಲ್ಲ. ಹಸಿರು ತಾಣದಲ್ಲಿ ಅವಳ ಪುಟವನ್ನು ಜನ ಓದುತ್ತಿದ್ದರು. ಮೂರು ದಿನದಲ್ಲಿ ನೂರ ಹನ್ನೆರಡು ಗಂಡಸರು ಅವಳಿಗೆ ಪತ್ರ ಬರೆದಿದ್ದರು.

ಪತ್ರ ಬರೆದು ಸುಮ್ಮನಿರಲಾರದವರು, ಪುಟದಲ್ಲಿ ನಾವು ಹಾಕಿದ್ದ ಕೆಲಸ ನೋಡಿ, ನೀರಿನ ಕಚೇರಿಗೆ ಫೋನು ಮಾಡತೊಡಗಿದರು. ಒಬ್ಬರು, ನಲ್ಲಿಯಲ್ಲಿ ನೀರು ಬರುತ್ತಿದೆ, ಆದರೆ ಯಾಕೋ ಮೊದಲಿನ ಹಾಗಿಲ್ಲ ಎಂದು ದೂರು ಕೊಟ್ಟರು. ಇನ್ನೊಬ್ಬರು ನೀರಿನ ಬಗ್ಗೆ ಏನೂ ಹೇಳದೆ ಅತ್ತರು. ಅಕ್ಕ ಊಟ ಬಿಟ್ಟು ಕೇಳಿದಳು. ಒಂದೇ ದಿನದಲ್ಲಿ ಎಂಬತ್ತಿದ್ದ ದೂರು ನೂರ ಐವತ್ತಾಯಿತು. ಮೇಲಧಿಕಾರಿ ಗಾಬರಿಯಾಗಿ, ಎಲ್ಲೋ ದೊಡ್ಡ ಪೈಪು ಒಡೆದಿದೆ ಎಂದು ಎರಡು ಬೀದಿ ಅಗೆಸಿದರು. ಪೈಪುಗಳು ಹೊಸವುಗಳಂತಿದ್ದವು. ಕಡೆಗೆ ಒಬ್ಬ ಧೈರ್ಯವಂತ, "ಗುನುಗೋರು ನೀವೇ ಅಲ್ವಾ? ಹಸಿರು ತಾಣದಲ್ಲಿ ಓದಿದೆ," ಎಂದುಬಿಟ್ಟ.

ಅಕ್ಕ ಸಂಜೆ ಐದೂವರೆಗೆ ಅಂಗಡಿಗೆ ಬಂದಳು. ಗುನುಗುತ್ತಾ ಬಂದಳು. ರಾಗ ತುಂಬಾ ಚೆನ್ನಾಗಿತ್ತು. ನಾನು ಹಲಗೆಯ ಹಿಂದೆ ಕೂತು ಒಂದು ಬೀಗಕ್ಕೆ ಎಣ್ಣೆ ಹಾಕತೊಡಗಿದೆ. ಅದಕ್ಕೆ ಆಗಲೇ ಎರಡು ಸಲ ಹಾಕಿದ್ದೆ.

"ಏನೋ ಇದು?"

ತಕ್ಕಡಿ ಮುಚ್ಚಿಡಲಿಲ್ಲ. ತೂಕದ ವಿಷಯದಲ್ಲಿ ಸುಳ್ಳು ಹೇಳುವುದು ಅವನಿಗೆ ಗೊತ್ತಿಲ್ಲ, ಅದೇ ಅವನ ದೊಡ್ಡ ರೋಗ. ಗೊತ್ತಿರುವ ತೂಕದಿಂದ ಹಿಡಿದು ಇನ್ಸ್‌ಪೆಕ್ಟರ ತೀರ್ಪಿನವರೆಗೆ ಎಲ್ಲ ಹೇಳಿ, "ಒಂಬತ್ತು ಅಕ್ಕ, ನೂರಕ್ಕೆ ಒಂಬತ್ತು," ಎಂದು ಕಣ್ಣೀರು ಹಾಕಿದ.

ಅಕ್ಕ ಬೈಯುತ್ತಾಳೆ ಎಂದುಕೊಂಡೆವು. ಅವಳು ಸ್ಟೂಲಿನ ಮೇಲೆ ಕೂತು, ತನ್ನ ಹೆಸರಿನ ಫೋನನ್ನು ತೆಗೆದುಕೊಂಡು ಮೊದಲನೆಯ ಪತ್ರ ಓದಿದಳು. ಎರಡನೆಯದು ಓದಿದಳು. ಹತ್ತನೆಯದಕ್ಕೆ ಬರುವ ಹೊತ್ತಿಗೆ ಗುನುಗು ನಿಂತಿತ್ತು.

"ಇಷ್ಟೊಂದು ಜನ ಒಬ್ಬೊಬ್ರೇ ಇದಾರಲ್ಲೋ," ಎಂದಳು. ಅವಳ ದನಿಯಲ್ಲಿ ಇದ್ದದ್ದು ಸಿಟ್ಟಲ್ಲ, ದೊಡ್ಡ ಬೆಟ್ಟದ ಬುಡದಲ್ಲಿ ನಿಂತವರ ಬೆರಗು. ಫೋನಿನಿಂದ ತಲೆ ಎತ್ತಿ ಕೇಳಿದಳು. "ಅವರಿಗೆ ಎಷ್ಟು ಬಂತು?"

"ಭಾವನಿಗಾ? ಒಂದೂ ಇಲ್ಲ."

ಅಕ್ಕ ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಪುಟ ಅಳಿಸಿಬಿಡೋಣ ಎಂದು ನಾನು ಹಲಗೆಯ ಹಿಂದಿನಿಂದ ಮೆಲ್ಲಗೆ ಸೂಚಿಸಿದೆ. "ಉತ್ತರ ಕೊಡದೆ ಅಳಿಸೋದಾ?" ಎಂದಳು. "ನಾನು ದೂರು ವಿಭಾಗದವಳು. ಬಂದಿದ್ದಕ್ಕೆಲ್ಲ ಉತ್ತರ ಹೋಗಬೇಕು. ಸರದಿ ಪ್ರಕಾರ. ಇನ್ನು ಹೊಸಬರಿಗೆ ಪುಟ ಕಾಣದ ಹಾಗೆ ಮಾಡಿದ್ರೆ ಸಾಕು." ಬಾಗಿಲ ಹತ್ತಿರ ನಿಂತು, ತನಗೇ ಹೇಳಿಕೊಳ್ಳುವವಳ ಹಾಗೆ, "ಮೂರೂ ಒಂದೇ ಮಾತು ಹೇಳ್ತಿವೆ ಅಂದ್ರೆ ಏನೋ ಇರಬೇಕು," ಎಂದು ಸೇರಿಸಿ ಹೊರಟುಹೋದಳು.

ಆ ಕಡೆಯ ಮಾತಿಗೆ ನನ್ನ ಕೈಯಿಂದ ಎಣ್ಣೆ ಡಬ್ಬಿ ಬಿತ್ತು.

ಮರುದಿನ ಬೆಳಿಗ್ಗೆ ಕ್ಷೌರದಂಗಡಿಗೆ ಸುದ್ದಿ ತಲುಪಿತ್ತು. ಅಲ್ಲಿಗೆ ತಲುಪಿದ ಮೇಲೆ ಇನ್ನೆಲ್ಲಿಗೂ ತಲುಪಿಸುವ ಅಗತ್ಯವಿಲ್ಲ. "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರೆ. ಇವನು ತನ್ನ ಹುಚ್ಚಲ್ಲಿ ಆದ ಮದುವೆನೂ ಬಿಡಿಸ್ತಿದಾನೆ," ಎಂದರು ಕ್ಷೌರದವರು. ಅಕ್ಕನಿಗೆ ನೂರ ಹನ್ನೆರಡು ಎಂದು ಕೇಳಿದವರೆಲ್ಲ ಅವಳನ್ನು ಹೊಸದಾಗಿ ನೋಡತೊಡಗಿದರು. ಇಷ್ಟು ವರ್ಷ ಅವಳಿಗೆ ದಾರಿ ಬಿಡದೆ ನಡೆಯುತ್ತಿದ್ದವರು ಈಗ ಪಕ್ಕಕ್ಕೆ ಸರಿದು ನಿಂತರು. ಅವಳು ಗುನುಗಿಕೊಂಡು ಹೋದರೆ ತರಕಾರಿಯವಳು ತಕ್ಕಡಿ ಎತ್ತಿದ ಕೈಯನ್ನು ಹಾಗೇ ಹಿಡಿದು ಕೇಳಿದಳು.

ಭಾವನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಅವರು ಊಟದ ಹೊತ್ತಿಗೆ, "ಒಂಬತ್ತಾ?" ಎಂದು ಕೇಳಿದರಂತೆ. ತಕ್ಕಡಿ ತಲೆ ಆಡಿಸಿದನಂತೆ. ಅವರು ತಟ್ಟೆ ತೊಳೆದಿಟ್ಟು ಡಿಪೋಗೆ ಹೋದರಂತೆ. ಅಕ್ಕ ಭಾವನ ಇಪ್ಪತ್ತಾರು ವರ್ಷದಲ್ಲಿ ಬೀದಿಗೆ ಗೊತ್ತಿರುವ ಅತಿ ದೊಡ್ಡ ಜಗಳ ಅದೇ.

ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ನಲವತ್ತೊಂದನೆಯ ಪತ್ರ. ಬರೆದವರು ಒಬ್ಬ ಕ್ಲಾರಿನೆಟ್ ವಾದಕರು. ನೀವು ಸಿಟ್ಟಿನಲ್ಲಿ ಗುನುಗುವ ರಾಗ ಯಾವುದೆಂದು ತಿಳಿಯುವ ತನಕ ನಾನು ಬೇರೇನನ್ನೂ ನುಡಿಸಲಾರೆ ಎಂದು ಬರೆದಿದ್ದರು. ಅವರಿಗೂ ಅಕ್ಕನಿಗೂ ಹೊಂದಾಣಿಕೆ ಶೇಕಡಾ ತೊಂಬತ್ತನಾಲ್ಕು. ಮೊದಲ ರಾತ್ರಿ ನೂರ ಹನ್ನೆರಡನ್ನೂ ಓದಿ ಮುಗಿಸುವಾಗ ಅಕ್ಕ ಅದನ್ನು ಎರಡು ಸಲ ಓದಿದ್ದನ್ನು ತಕ್ಕಡಿ ಕಣ್ಣಾರೆ ಕಂಡಿದ್ದ. ಉಳಿದ ಯಾವುದನ್ನೂ ಅವಳು ಎರಡು ಸಲ ಓದಿರಲಿಲ್ಲ.

ಅವತ್ತು ಸಂಜೆ ಭಾವ ನನ್ನ ಅಂಗಡಿಗೆ ಬಂದರು. ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನ ಅಂಗಡಿಯ ಒಳಗೆ ಬಂದದ್ದು ಅದೇ ಮೊದಲು. ಅವರು ಬೀಗದ ಕೈ ಕಳೆದುಕೊಳ್ಳುವ ಜಾತಿಯವರಲ್ಲ.

"ಅವಳ ಬಗ್ಗೆ ಬರೆದಿದ್ದನ್ನ ತೋರಿಸಿ," ಎಂದರು.

ಅವರ ಹೆಸರಿನ ಫೋನು ನನ್ನ ಹತ್ತಿರವೇ ಇತ್ತು. ಅದರಿಂದ ಅಕ್ಕನ ಪುಟ ತೆರೆದು ಕೊಟ್ಟೆ. ಅವರು ನಿಂತೇ ಓದಿದರು. ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಬೆರಳಿಟ್ಟು ಓದಿದರು.

"ಚಪ್ಪಲಿ ಸದ್ದು," ಎಂದರು. "ನಾನು ಮೆಟ್ಟಿಲು ಹತ್ತಿ ಮುಗಿಸೋಕೆ ಮುಂಚೆ ಕೆಲವು ದಿನ ಟೀ ಇಟ್ಟಿರ್ತಾಳೆ, ಕೆಲವು ದಿನ ಇಟ್ಟಿರಲ್ಲ. ಯಾಕೆ ಅಂತ ನಾನು ಕೇಳಿದ್ದೇ ಇಲ್ಲ. ಡಿಪೋದಲ್ಲಿ ಜಗಳ ಆದ ದಿನ ಟೀ ಇರ್ತಿತ್ತು." ಅವರು ಫೋನನ್ನು ಕೆಳಗಿಟ್ಟರು. "ನೂರ ಹನ್ನೆರಡು ಜನಕ್ಕೆ ಮೂರು ದಿನದಲ್ಲಿ ಗೊತ್ತಾಯ್ತು ನೋಡಿ."

ಇದು ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು. ನಾನು ಸ್ಟೂಲು ತಳ್ಳಿದೆ. ಅವರು ಕೂರಲಿಲ್ಲ.

"ನಾನೂ ಅರ್ಜಿ ಹಾಕಬೇಕು."

"ನಿಮ್ಮದು ಆಗಲೇ ಇದೆಯಲ್ಲ ಭಾವ, ತಟ್ಟೆ ತೊಳೀತಾರೆ ಅಂತ..."

"ಅದು ಅವನು ಹಾಕಿದ್ದು. ಅಳಿಸಿ. ನಾನು ಹೇಳಿದ್ದನ್ನ ಹಾಕಿ."

ಪ್ರಶ್ನೆಗಳಿಗೆಲ್ಲ ಅವರೇ ಉತ್ತರ ಹೇಳಿದರು, ನಿಜವಾದ ಉತ್ತರ, ಒಂದೊಂದಕ್ಕೂ ಗೋಡೆ ಗಡಿಯಾರ ನೋಡಿಕೊಂಡು. ಆಮೇಲೆ ಅಕ್ಕನಿಗೆ ಪತ್ರ. ಅದನ್ನು ಅವರು ಡಿಪೋದ ರಿಜಿಸ್ಟರಿನ ಒಂದು ಹಾಳೆಯ ಮೇಲೆ ಮೊದಲೇ ಬರೆದು ತಂದಿದ್ದರು. ನಾಲ್ಕು ಸಾಲು.

"ಹೊರಟದ್ದು: ಇಪ್ಪತ್ತಾರು ವರ್ಷದ ಹಿಂದೆ.
ತಲುಪಬೇಕಾದ ಸ್ಥಳ: ನೀವು.
ತಡ: ಇಪ್ಪತ್ತಾರು ವರ್ಷ.
ಕಾರಣ: ಚಾಲಕನ ತಪ್ಪು."

ನನ್ನ ಬೆರಳು ಎರಡು ಸಲ ತಪ್ಪು ಅಕ್ಷರ ಒತ್ತಿತು. ಡಿಪೋದಲ್ಲಿ ಅವರು ಇಲ್ಲಿಯವರೆಗೆ ಸಾವಿರಾರು ಚಾಲಕರ ಹೆಸರಿನ ಮುಂದೆ 'ತಡ' ಎಂದು ಬರೆದಿರಬೇಕು. ತಮ್ಮ ಹೆಸರಿನ ಮುಂದೆ ಬರೆದದ್ದು ಇದೊಂದೇ ಸಲ. ಪತ್ರ ಹೋಯಿತು. ಕೆಳಗೆ ತಾಣವು ತಾನಾಗಿಯೇ ಒಂದು ಸಾಲು ತೋರಿಸಿತು: ಇವರಿಗೆ ಬಂದಿರುವ ಪತ್ರಗಳಲ್ಲಿ ನಿಮ್ಮದು ನೂರ ಹದಿಮೂರನೆಯದು.

"ಮನೆಗೆ ಹೋಗಿ ಬಾಯಲ್ಲೇ ಹೇಳಿಬಿಡಿ ಭಾವ," ಎಂದೆ.

"ಸರದಿ ಬರಲಿ," ಎಂದರು ಅವರು. ವೇಳಾಪಟ್ಟಿ ಮೀರಿ ಬಸ್ಸು ಬಿಡುವ ಮನುಷ್ಯ ಅಲ್ಲ ಅವರು.

ಅಂದಿನಿಂದ ಆ ಮನೆಯಲ್ಲಿ ಒಂದು ಅದ್ಭುತ ನಡೆಯಿತು. ಅಕ್ಕ ದಿನಾ ಸಂಜೆ ಏಳಕ್ಕೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹತ್ತು ಪತ್ರಗಳಿಗೆ ಉತ್ತರ ಬರೆಯುವಳು. ಹನ್ನೊಂದನೆಯದನ್ನು ಮುಟ್ಟುವುದಿಲ್ಲ, ಹೊಸದಾಗಿ ಬಂದದ್ದನ್ನು ಸರದಿ ಬರುವವರೆಗೆ ತೆರೆಯುವುದಿಲ್ಲ, ಕಚೇರಿಯಲ್ಲಿಯೂ ಅದೇ ಕ್ರಮ. ಭಾವ ಹೊರಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಇಟ್ಟು ಕೂರುವರು. ಕಾಯುತ್ತಿರುವುದು ತಮ್ಮ ಸರದಿಗೆ ಎಂದು ಅವರು ಹೇಳಲಿಲ್ಲ. ಬಾಗಿಲಿನ ಆಚೆ ಇರುವವಳು ಕೇಳಲೂ ಇಲ್ಲ. ತಕ್ಕಡಿ, ನಾನು, ಕ್ಷೌರದವರು ಒಂದೊಂದು ನೆಪದಲ್ಲಿ ಬಂದು ಬೆಂಚಿನ ಮೇಲೆ ಕೂತೆವು. ಕ್ಷೌರದವರು ಪ್ರತಿದಿನವೂ ತಕ್ಕಡಿಗೆ ಕೂದಲು ಕತ್ತರಿಸುವ ನೆಪ ತಂದಿದ್ದರಿಂದ, ಐದನೆಯ ದಿನದ ಹೊತ್ತಿಗೆ ಕತ್ತರಿಸುವುದಕ್ಕೆ ಏನೂ ಉಳಿಯಲಿಲ್ಲ.

ಐದನೆಯ ದಿನ ನಲವತ್ತೊಂದು ಬಂತು. ಅವತ್ತು ಒಳಗಿನಿಂದ ಅರ್ಧ ಗಂಟೆ ಯಾವ ಸದ್ದೂ ಬರಲಿಲ್ಲ. ಅಕ್ಕ ಹೊರಗೆ ಬಂದು, ನಮ್ಮ ಯಾರ ಮುಖವನ್ನೂ ನೋಡದೆ ಒಂದು ಲೋಟ ನೀರು ಕುಡಿದು ಮತ್ತೆ ಒಳಗೆ ಹೋದಳು. ಭಾವ ಎದ್ದು ಕಿಟಕಿಯ ಹತ್ತಿರ ಹೋದರು. ಅವರ ಬೆನ್ನು ನೋಡಲಾಗದೆ ನಾನು ತಕ್ಕಡಿಯ ಬೋಳು ತಲೆ ನೋಡಿದೆ. ತಕ್ಕಡಿ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದ.

"ತೊಂಬತ್ತನಾಲ್ಕು ಕಣೋ. ಅಷ್ಟು ಸರಿಯಾದ ತೂಕ ನಾನು ಅಂಗಡಿಯಲ್ಲೇ ನೋಡಿಲ್ಲ. ನಾನೇ ಕೈಯಾರೆ ಅಕ್ಕನ ಮನೆ ಒಡೆದೆ."

ಮಿಕ್ಕ ಏಳು ದಿನ ನಾವು ಹೇಗೆ ಕಳೆದೆವು ಎಂಬುದನ್ನು ಬರೆಯುವುದಿಲ್ಲ. ಭಾವ ಹೇಗೆ ಕಳೆದರೋ ನನಗೆ ಗೊತ್ತಿಲ್ಲ. ಡಿಪೋದಲ್ಲಿ ಒಂದು ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂದರೂ ಅವರು ಬರೆದುಕೊಳ್ಳಲಿಲ್ಲವಂತೆ. ಚಾಲಕ ಭಯದಿಂದ ತಾನೇ ಬರೆದು ಸಹಿ ಹಾಕಿದನಂತೆ.

ಹನ್ನೆರಡನೆಯ ದಿನ ಉಳಿದಿದ್ದು ಮೂರೇ ಪತ್ರ. ಮೊದಲ ಎರಡಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಮೇಲೆ ಒಳಗೆ ಕುರ್ಚಿ ಸರಿದ ಸದ್ದು. ನಾಲ್ಕು ಸಾಲು ಓದಲು ಎಷ್ಟು ಹೊತ್ತು ಬೇಕೋ ಅದರ ಹತ್ತರಷ್ಟು ಹೊತ್ತು ಕಳೆಯಿತು. ಭಾವ ಅಂಗಿಯ ಗುಂಡಿ ಸರಿಮಾಡಿಕೊಂಡರು.

ಅವರ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಅವರಿಗೆ ಓದಲಾಗಲಿಲ್ಲ, ಕನ್ನಡಕ ಮಬ್ಬಾಗಿತ್ತು. ನನ್ನ ಕಡೆ ಚಾಚಿದರು. ನಾನು ಗಟ್ಟಿಯಾಗಿ ಓದಿದೆ.

"ನಿಮ್ಮ ದೂರನ್ನು ಸ್ವೀಕರಿಸಲಾಗಿದೆ. ತಡವಾದರೂ ನ್ಯಾಯವಾದ ದೂರು. ನಮ್ಮ ಸಿಬ್ಬಂದಿ ಈಗಲೇ ಸ್ಥಳಕ್ಕೆ ಬರುತ್ತಾರೆ."

ಒಳಕೋಣೆಯ ಬಾಗಿಲು ತೆರೆಯಿತು. ಸಿಬ್ಬಂದಿ ಸ್ಥಳಕ್ಕೆ ಬಂದರು. ಕಣ್ಣು ಕೆಂಪಗಿತ್ತು, ಮುಖ ಗಂಭೀರವಾಗಿತ್ತು.

"ಅಲ್ಲ, ಆ ನಲವತ್ತೊಂದನೆಯವರು..." ಎಂದರು ಭಾವ. ಆ ಮನುಷ್ಯ ಇಷ್ಟು ದಿನ ನುಂಗಿಕೊಂಡಿದ್ದದ್ದು ಅದೊಂದೇ.

"ಎಲ್ಲರಿಗೂ ಒಂದೇ ಉತ್ತರ ಬರೆದೆ. ನಿಮ್ಮ ದೂರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ದಯವಿಟ್ಟು ಹುಡುಕ್ತಾ ಇರಿ, ಸಿಗ್ತಾರೆ ಅಂತ. ಅವರಿಗೆ ರಾಗದ ಹೆಸರು ಹುಡುಕಿ ಬರೆಯೋಕೆ ಸ್ವಲ್ಪ ತಡವಾಯ್ತು. ಪಾಪ, ನುಡಿಸದೆ ಕೂತಿದಾರಲ್ಲ." ಅಕ್ಕ ಭಾವನ ಪಕ್ಕದ ಕುರ್ಚಿಯಲ್ಲಿ ಕೂತಳು. "ಇಪ್ಪತ್ತಾರು ವರ್ಷದಲ್ಲಿ ನೀವು ನನಗೆ ಬರೆದ ಮೊದಲನೇ ಕಾಗದ ಇದು. ಅದಕ್ಕೂ ನಾನೇ ಕಾಯಬೇಕಾಗಿ ಬಂತು, ಹನ್ನೆರಡು ದಿನ. ನೂರ ಹದಿಮೂರು ಯಾರದು ಅಂತ ಅವತ್ತೇ ನೋಡಿದ್ದೆ. ತೆರೆಯೋ ಹಾಗಿರಲಿಲ್ಲ."

ಕ್ಷೌರದವರು ಮೂಗು ಒರೆಸಿಕೊಂಡು, ನಮ್ಮನ್ನು ತಳ್ಳಿಕೊಂಡು ಮೆಟ್ಟಿಲು ಇಳಿಸಿದರು.

ಕತೆ ಇಲ್ಲಿಗೆ ಮುಗಿದಿದ್ದರೆ ಮನುಷ್ಯರ ಕತೆಯಾಗುತ್ತಿತ್ತು. ಆದರೆ ತಕ್ಕಡಿ ಇನ್ನೂ ಮದುವೆಯಾಗಿರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆರೆದವನೇ ಭಾವನ ಫೋನು ತರಿಸಿಕೊಂಡ. ಭಾವ ತಮ್ಮ ಬಾಯಾರೆ ಹೇಳಿ ತುಂಬಿಸಿದ, ಅಪ್ಪಟ ನಿಜವಾದ ಅರ್ಜಿಗೆ ಹಸಿರು ತಾಣ ಎಷ್ಟು ತೋರಿಸುತ್ತದೆಂದು ನೋಡಬೇಕಿತ್ತು. ಈಗಲಾದರೂ ನೂರು ಬಂದಿರಬೇಕು ಎಂದು ನಾನೂ ಹಲಗೆಯ ಆಚೆಯಿಂದ ಕತ್ತು ಚಾಚಿದೆ.

ಒಂಬತ್ತು ಇದ್ದದ್ದು ಏಳಾಗಿತ್ತು.

ನಾನು ನಕ್ಕೆ. ತಕ್ಕಡಿ ನಗಲಿಲ್ಲ. ಆ ಏಳನ್ನು ನೋಡುತ್ತ ಅವನ ಮುಖದ ಮೇಲೆ ನಿಧಾನವಾಗಿ ಬೆಳಕು ಹರಡಿತು. ಅಂಥ ಬೆಳಕನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಇವತ್ತೊಂದು ನಾಳೆಯೊಂದು ತೋರಿಸೋ ತಕ್ಕಡಿ ಗುಜರಿಗೆ," ಎಂದ. "ಆದ್ರೆ ಯಾವಾಗ್ಲೂ ಒಂದೇ ಕಡೆಗೆ ತಪ್ಪೋ ತಕ್ಕಡಿ ಚಿನ್ನದಂಥದು. ತಪ್ಪು ಎಷ್ಟು ಅಂತ ಗೊತ್ತಿದ್ರೆ ಸರಿಯಾದ ತೂಕ ಸಿಗುತ್ತೆ. ಅಕ್ಕ ಭಾವನಿಗೆ ಇದು ಏಳು ಕೊಟ್ಟಿದೆ. ಮೂರರಲ್ಲೂ ಇದೇ ಪಕ್ಕಾ ತಪ್ಪು. ಹಸಿರು ತಾಣವೇ ನನ್ನ ತಾಣ. ಟೈಪ್ ಮಾಡು, ನನ್ನ ಹೆಸರು ಹಾಕು. ಪಟ್ಟಿಯನ್ನ ಕೆಳಗಿಂದ ನೋಡೋಣ."

ಬೀದಿಯವರೆಲ್ಲ ಸೇರಿದರು. ಒಬ್ಬ ಗಂಡಸು ತನಗೆ ಅತ್ಯಂತ ಹೊಂದದವಳನ್ನು ಶ್ರದ್ಧೆಯಿಂದ ಹುಡುಕುವುದನ್ನು ನಾವು ಉಸಿರು ಬಿಗಿಹಿಡಿದು ನೋಡಿದೆವು. ಶೇಕಡಾ ಹನ್ನೆರಡರ ಶಿಕ್ಷಕಿಯನ್ನು ಅವನು, ತುಂಬಾ ಜಾಸ್ತಿಯಾಯಿತು ಎಂದು ದಾಟಿಸಿದ. ಆರರ ದಾದಿಯ ಬಳಿ ಸ್ವಲ್ಪ ನಿಂತ. ಪಟ್ಟಿಯ ತಳದಲ್ಲಿ, ಶೇಕಡಾ ಮೂರರಲ್ಲಿ, ಒಬ್ಬರು ಹಾಸ್ಟೆಲ್ ಅಡುಗೆಯವರಿದ್ದರು. 'ಮುನ್ನೂರು ಜನಕ್ಕೆ ದಿನಾ ಬೇಯಿಸುತ್ತೇನೆ. ಇವತ್ತಿನವರೆಗೆ ಉಪ್ಪನ್ನಾಗಲಿ ಬೇಳೆಯನ್ನಾಗಲಿ ತೂಗಿದವಳಲ್ಲ. ಕೈ ಅಂ‍ದಾಜು' ಎಂದು ಬರೆದುಕೊಂಡಿದ್ದರು.

ತಕ್ಕಡಿ ಸ್ಟೂಲಿನ ಮೇಲೆ ಕುಸಿದು ಕೂತ. "ಮುನ್ನೂರು ಜನಕ್ಕಾ? ತೂಗದೇನಾ?" ಎಂದ. ದೇವರನ್ನು ಕಂಡವನ ದನಿಯಾಗಿತ್ತು ಅದು.

ನಾವೆಲ್ಲ ಸೇರಿ ಒಂದು ಸಾಲಿನ ಪತ್ರ ಬರೆಸಿದೆವು. ಮಧ್ಯಾಹ್ನದ ಅಡುಗೆ ಮುಗಿಯುವ ಹೊತ್ತಿಗೆ ಉತ್ತರ ಬಂತು. ನಾನು ಓದಿ ಹೇಳಿದೆ.

"ನಮ್ಮಿಬ್ಬರಿಗೆ ಮೂರು ಅಂತ ತೋರಿಸ್ತಿದೆ. ಸಾಕಾ, ಇನ್ನೂ ಬೇಕಾ?"

ಎಲ್ಲರೂ ತಕ್ಕಡಿಯ ಮುಖ ನೋಡಿದೆವು. ಅವನ ಹಿಂದೆ ಅಂಗಡಿಯ ಹದಿನೆಂಟು ತಕ್ಕಡಿಗಳು ಮುಳ್ಳು ನೆಟ್ಟಗೆ ಮಾಡಿಕೊಂಡು ನಿಂತಿದ್ದವು. ಒಂದನ್ನೂ ಅವನು ತಿರುಗಿ ನೋಡಲಿಲ್ಲ.

"ಸಾಕು ಅಂತ ಬರಿ," ಎಂದ.